‘ಬಿಸಾಡುವ ವೇಪ್‌ನಿಂದ ಪುಕ್ಕಟೆ ಪವರ್ ಬ್ಯಾಂಕ್’: ಈ ವಿಡಿಯೋದಲ್ಲಿ ನಿಜವೆಷ್ಟು?

ಇಂಥದೊಂದು ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಬಣ್ಣಬಣ್ಣದ ಒಂದು ಪ್ಲಾಸ್ಟಿಕ್ ಕೊಳವೆ. ಇಕ್ಕಳ ಹಾಕಿ ಅದರ ತಳ ಕಿತ್ತರೆ ಒಳಗಿನಿಂದ ಬೆರಳು ಗಾತ್ರದ ಒಂದು ಬ್ಯಾಟರಿ ಹೊರಬೀಳುತ್ತದೆ. ಅಂಥ ನಾಲ್ಕಾರನ್ನು ಸಾಲಾಗಿ ಜೋಡಿಸಿ, ತಂತಿ ಬೆಸೆದು, ಅಗ್ಗದ ಒಂದು ಪುಟ್ಟ ಬೋರ್ಡಿಗೆ ಸೇರಿಸುತ್ತಾರೆ. ಕೊನೆಗೆ ಫೋನ್ ಸಿಕ್ಕಿಸಿದರೆ ಪರದೆಯ ಮೇಲೆ ಚಾರ್ಜಿಂಗ್ ಗುರುತು. ಕೆಳಗೆ ‘ಕಸದಿಂದ ರಸ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು. ಎಲ್ಲ ಸೇರಿ ಒಂದೂವರೆ ನಿಮಿಷ.

ಇದೇ ಜಾತಿಯ ಇನ್ನೂ ಹಲವು ವಿಡಿಯೋಗಳಿವೆ. ಕೆಟ್ಟ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಟಾರ್ಚ್, ಹಾಳಾದ ಇಯರ್‌ಬಡ್ ಡಬ್ಬಿಯಿಂದ ಮಕ್ಕಳ ಸೈನ್ಸ್ ಪ್ರಾಜೆಕ್ಟ್, ಹಳೆಯ ಫೋನ್ ಬ್ಯಾಟರಿಯಿಂದ ಎಫ್‌ಎಂ ಸ್ಪೀಕರ್. ‘ಇದೆಲ್ಲ ಆಗುವ ಮಾತಾ?’ ಎಂಬುದು ಒಂದು ಪ್ರಶ್ನೆ. ‘ಮನೆಯಲ್ಲಿ ಮಾಡಬಹುದಾ?’ ಎಂಬುದು ಬೇರೆಯೇ ಪ್ರಶ್ನೆ.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಆಗುವ ಮಾತೇ. ಒಮ್ಮೆ ಬಳಸಿ ಎಸೆಯಿರಿ ಎಂದು ಮಾರುವ ಎಷ್ಟೋ ಉಪಕರಣಗಳೊಳಗೆ ಇರುವುದು ನೂರಾರು ಸಲ ಚಾರ್ಜ್ ಆಗಬಲ್ಲ ಸೆಲ್. ಈ ವಿಷಯದಲ್ಲಿ ವಿಡಿಯೋ ಸುಳ್ಳು ಹೇಳುತ್ತಿಲ್ಲ. ಆದರೆ ಕಸದ ಬುಟ್ಟಿಯಿಂದ ತೆಗೆದ ಸೆಲ್‌ಗೂ ಬಳಸಲು ಯೋಗ್ಯವಾದ ಸೆಲ್‌ಗೂ ನಡುವೆ ಒಂದಷ್ಟು ಕೆಲಸವಿದೆ. ಅಳೆಯುವುದು, ಕಾಯುವುದು, ಆರಿಸುವುದು, ಬಹುಪಾಲನ್ನು ತಿರಸ್ಕರಿಸುವುದು. ವಿಡಿಯೋದಲ್ಲಿ ಕತ್ತರಿ ಬಿದ್ದಿರುವುದು ಸರಿಯಾಗಿ ಅಲ್ಲಿಗೇ.

ಎಸೆಯಬೇಕಾದದ್ದು ಸೆಲ್ ಅಲ್ಲ

ವೇಪ್ ಅಂದರೆ ಇ-ಸಿಗರೇಟ್. ಬಾಯಲ್ಲಿ ಎಳೆದಾಗ ಒಳಗಿನ ಪುಟ್ಟ ಕಾಯಿಲ್ ಕಾದು, ನಿಕೋಟಿನ್ ಬೆರೆತ ದ್ರವವನ್ನು ಆವಿ ಮಾಡುತ್ತದೆ. ಕಾಯಿಲ್ ಕ್ಷಣಾರ್ಧದಲ್ಲಿ ಕಾಯಬೇಕಾದರೆ ಕೆಲವು ಆಂಪಿಯರ್ ಕರೆಂಟ್ ಬೇಕು. ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಸಾಮಾನ್ಯ ಸೆಲ್‌ಗೆ ಅಷ್ಟು ಕೊಡುವ ತಾಕತ್ತಿಲ್ಲ. ಆ ಗಾತ್ರದಲ್ಲಿ, ಆ ಬೆಲೆಗೆ, ಅಷ್ಟು ಕರೆಂಟ್ ಕೊಡಬಲ್ಲದ್ದು ಲಿಥಿಯಂ-ಅಯಾನ್ ಸೆಲ್. ಅದು ಹುಟ್ಟಿನಿಂದಲೇ ರೀಚಾರ್ಜ್ ಆಗುವ ಜಾತಿ. ತಯಾರಕರು ಚಾರ್ಜಿಂಗ್ ರಂಧ್ರವನ್ನೂ ಅದರ ಸರ್ಕ್ಯೂಟನ್ನೂ ಉಳಿಸಿ, ದ್ರವ ಮುಗಿದೊಡನೆ ಎಸೆಯಿರಿ ಅಂದರು. ಹೋಟೆಲ್‌ನಲ್ಲಿ ಕಾಫಿ ಕುಡಿದು ಸ್ಟೀಲ್ ಲೋಟವನ್ನೇ ಬಿಸಾಡಿ ಬಂದ ಹಾಗೆ.

ಈ ಚಾಳಿ ಅತಿರೇಕಕ್ಕೆ ಹೋದದ್ದು ಬ್ರಿಟನ್ನಿನಲ್ಲಿ. ಅಲ್ಲಿ ‘ಮೆಟೀರಿಯಲ್ ಫೋಕಸ್’ ಎಂಬ ಸಂಸ್ಥೆ ಇ-ತ್ಯಾಜ್ಯದ ಲೆಕ್ಕ ಇಡುತ್ತದೆ. ಅದರ ಅಂದಾಜಿನ ಪ್ರಕಾರ 2022ರಲ್ಲಿ ವಾರಕ್ಕೆ 13 ಲಕ್ಷ ವೇಪ್‌ಗಳು ಕಸಕ್ಕೆ ಹೋಗುತ್ತಿದ್ದವು. ಮರುವರ್ಷ ಅದು ವಾರಕ್ಕೆ 50 ಲಕ್ಷಕ್ಕೆ ಏರಿತು. ಕಸದ ಲಾರಿಯೊಳಗೆ ಒತ್ತಡಕ್ಕೆ ಸಿಕ್ಕ ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಳ್ಳುವುದು ಅಲ್ಲಿನ ಅಗ್ನಿಶಾಮಕ ದಳಕ್ಕೆ ದೊಡ್ಡ ತಲೆನೋವಾಯಿತು. ಕೊನೆಗೆ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನೇ ಬ್ರಿಟನ್ ನಿಷೇಧಿಸಿತು. ಹೀಗಾಗಿ ವೇಪ್ ಬಿಚ್ಚುವ ವಿಡಿಯೋಗಳಲ್ಲಿ ಕಾಣುವ ಮೂಟೆಗಟ್ಟಲೆ ಸರಕು ಅಲ್ಲಿಯಂಥ ಬೀದಿಗಳಿಂದ ಹೆಕ್ಕಿದ್ದೇ ಹೊರತು ನಮ್ಮೂರಿನದಲ್ಲ.

ಈ ಸೆಲ್‌ಗಳು ನಿಜಕ್ಕೂ ಎಷ್ಟು ಬಾಳುತ್ತವೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು ವೇಪ್‌ಗಳಿಂದ ಸೆಲ್ ತೆಗೆದು ಪ್ರಯೋಗಶಾಲೆಯಲ್ಲಿ ಚಾರ್ಜ್-ಡಿಸ್‌ಚಾರ್ಜ್ ಮಾಡುತ್ತಾ ಹೋದರು. ಎಕ್ಸ್-ರೇ ಹಾಕಿ ಒಳರಚನೆಯನ್ನೂ ನೋಡಿದರು. 2023ರಲ್ಲಿ ‘ಜೂಲ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಂದು ಬಗೆಯ ಸೆಲ್ 700ಕ್ಕೂ ಹೆಚ್ಚು ಸಲ ಚಾರ್ಜ್ ಆದ ಮೇಲೂ ತನ್ನ ಸಾಮರ್ಥ್ಯದ ಶೇ 90ಕ್ಕಿಂತ ಹೆಚ್ಚನ್ನು ಉಳಿಸಿಕೊಂಡಿತ್ತು. ಎರಡು ವರ್ಷ ದಿನಕ್ಕೊಮ್ಮೆ ಚಾರ್ಜ್ ಮಾಡಿದಷ್ಟು ಬಾಳಿಕೆ ಅದು. ನಮ್ಮ ನಿಮ್ಮ ಫೋನಿನ ಬ್ಯಾಟರಿಗೆ ನಾಚಿಕೆಯಾಗಬೇಕು!

ಆದರೆ ಆ ವರದಿಯನ್ನು ಹಂಚಿಕೊಳ್ಳುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಆ 700 ಸುತ್ತುಗಳನ್ನು ಓಡಿಸಿದ್ದು ಪ್ರಯೋಗಶಾಲೆಯ ಯಂತ್ರ. ಅದು ಸರಿಯಾದ ಕರೆಂಟಿನಲ್ಲಿ ಚಾರ್ಜ್ ಮಾಡಿ, ಸರಿಯಾದ ವೋಲ್ಟೇಜಿಗೆ ನಿಲ್ಲಿಸಿ, ಮತ್ತೆ ಸರಿಯಾದ ಮಟ್ಟದಲ್ಲಿ ಡಿಸ್‌ಚಾರ್ಜ್ ಕೈಬಿಡುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಆ ಯಂತ್ರ ಇರುವುದಿಲ್ಲ.

ನಮ್ಮಲ್ಲಿ ಈ ಕಥೆ ಬೇರೆ

ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟ್ ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟುಕೊಳ್ಳುವುದಕ್ಕೂ ಆರು ತಿಂಗಳವರೆಗೆ ಶಿಕ್ಷೆಯಿದೆ. ‘ಬ್ಯಾಟರಿಗಾಗಿ ಹಳೆ ವೇಪ್ ಬೇಕಾಗಿದೆ’ ಎಂದು ಗ್ರೂಪ್‌ನಲ್ಲಿ ಹಾಕಿ ಮೂಟೆ ಕಟ್ಟಿಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇನ್ನೊಂದು: ಖಾಲಿಯಾಯಿತು ಎಂದ ವೇಪ್‌ನೊಳಗೂ ಹತ್ತಿಯಲ್ಲಿ ನಿಕೋಟಿನ್ ದ್ರವ ಉಳಿದಿರುತ್ತದೆ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ವಿಡಿಯೋದಲ್ಲಿ ಬರಿಗೈಲಿ ಬಿಚ್ಚುವುದನ್ನು ನೋಡಿದರೆ ನಮಗೇ ಕೈ ತೊಳೆಯಬೇಕೆನಿಸುತ್ತದೆ.

ನಮ್ಮ ಮನೆಗಳಲ್ಲಿ ಇಂಥ ಸೆಲ್ ಸಿಗುವುದು ಬೇರೆ ಕಡೆ. ಮುಖ್ಯವಾಗಿ ಹಳೆಯ ಲ್ಯಾಪ್‌ಟಾಪ್. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಚಪ್ಪಟೆ ಬ್ಯಾಟರಿ ಇರುತ್ತದೆ; ಹತ್ತು-ಹದಿನೈದು ವರ್ಷ ಹಿಂದಿನವುಗಳಲ್ಲಿ ಆರು ಉರುಟು ಸೆಲ್‌ಗಳ ಒಂದು ಕಟ್ಟು. ಪ್ರತಿ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದಕ್ಕೇ ಅದರ ಹೆಸರು 18650. ಆರನ್ನು ಎರಡೆರಡರಂತೆ ಮೂರು ಜೋಡಿ ಮಾಡಿ ಸರಣಿಯಲ್ಲಿ ಕಟ್ಟಿರುತ್ತಾರೆ. ಒಂದು ಜೋಡಿ ಸೊರಗಿದರೂ ಲ್ಯಾಪ್‌ಟಾಪ್ ಇಡೀ ಕಟ್ಟನ್ನು ‘ಸತ್ತಿದೆ’ ಎಂದು ಘೋಷಿಸುತ್ತದೆ. ಉಳಿದ ನಾಲ್ಕು ಸೆಲ್‌ಗಳು ಗಟ್ಟಿಮುಟ್ಟಾಗಿರುವುದು ಅಪರೂಪವೇನಲ್ಲ.

ಇದನ್ನು ಗಂಭೀರವಾಗಿ ಅಳೆದು ನೋಡಿದ ಮೊದಲಿಗರಲ್ಲಿ ಬೆಂಗಳೂರಿನವರೂ ಇದ್ದಾರೆ. ಐಬಿಎಂ ಕಂಪನಿಯ ಭಾರತದ ಸಂಶೋಧನಾ ವಿಭಾಗದವರು 2014ರಲ್ಲಿ ‘ಉರ್ಜಾರ್’ ಎಂಬ ಪೆಟ್ಟಿಗೆ ಮಾಡಿದರು. ಬಿಸಾಡಿದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಪರೀಕ್ಷಿಸಿ, ಚೆನ್ನಾಗಿರುವ ಸೆಲ್‌ಗಳನ್ನಷ್ಟೇ ಆರಿಸಿ, ಚಾರ್ಜಿಂಗ್ ಮತ್ತು ರಕ್ಷಣೆಯ ಸರ್ಕ್ಯೂಟ್ ಸೇರಿಸಿ, ಎಲ್‌ಇಡಿ ದೀಪ ಉರಿಸುವುದು ಉದ್ದೇಶ. ಅವರು ಪರೀಕ್ಷಿಸಿದ ಬ್ಯಾಟರಿಗಳಲ್ಲಿ ಕಡೇ ಪಕ್ಷ ಅರ್ಧದಷ್ಟು, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂದು ಎಲ್‌ಇಡಿ ದೀಪವನ್ನು ಒಂದು ವರ್ಷ ಉರಿಸುವಷ್ಟು ಕಸುವು ಉಳಿಸಿಕೊಂಡಿದ್ದವು. ಬೆಂಗಳೂರಿನ ಬೀದಿಬದಿ ವ್ಯಾಪಾರಿಗಳಿಗೂ ಕೊಳೆಗೇರಿಯ ಕುಟುಂಬಗಳಿಗೂ ಕೊಟ್ಟು ನೋಡಿದರು. ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಒಂದಕ್ಕೆ ಸುಮಾರು 600 ರೂಪಾಯಿ ಎಂಬ ಲೆಕ್ಕ ಹಾಕಿದ್ದರು. ಬಳಸಿದವರು ತಿರುಗಿ ಕೇಳಿದ್ದೇನು ಗೊತ್ತೇ? ಇನ್ನಷ್ಟು ಬೆಳಕು ಕೊಡುವ ಬಲ್ಬು, ಇಲಿ ಕಡಿಯದ ವೈರು.

ಬೆಂಗಳೂರು ಮತ್ತು ಬರ್ಲಿನ್ ಎರಡೂ ಕಡೆ ನೆಲೆಯಿರುವ ‘ನುನಮ್’ ಎಂಬ ನವೋದ್ಯಮವೂ ಇದೇ ಹಾದಿ ಹಿಡಿಯಿತು. ಮೊದಲು ಹಳೆಯ ಲ್ಯಾಪ್‌ಟಾಪ್ ಸೆಲ್‌ಗಳಿಂದ ಸಣ್ಣ ವ್ಯಾಪಾರಿಗಳಿಗೆ ವಿದ್ಯುತ್ ಪೆಟ್ಟಿಗೆ. ಆಮೇಲೆ ಜರ್ಮನಿಯ ಆಡಿ ಕಂಪನಿಯ ಪರೀಕ್ಷಾ ಕಾರುಗಳಿಂದ ತೆಗೆದ ಬ್ಯಾಟರಿ ಹಾಕಿ 2022ರಲ್ಲಿ ಮೂರು ಇ-ರಿಕ್ಷಾ ಮಾದರಿಗಳು. ಕಸದಿಂದ ರಸ ಎಂದರೆ ಇದೇ. ಆದರೆ ಇಲ್ಲಿ ಪ್ರತಿ ಸೆಲ್ಲಿಗೂ ಪರೀಕ್ಷೆ ಇದೆ, ಪ್ರತಿ ಪೆಟ್ಟಿಗೆಗೂ ಕಾವಲು ಸರ್ಕ್ಯೂಟ್ ಇದೆ.

ಕತ್ತರಿ ಬಿದ್ದ ಭಾಗದಲ್ಲಿ ಏನಿದೆ?

ಲಿಥಿಯಂ-ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಖಾಲಿಯಾದಾಗ ಸುಮಾರು 3 ವೋಲ್ಟ್. ಕೆಲವು ಸೆಲ್‌ಗಳಲ್ಲಿ 2.5. ಈ ಎರಡು ಗೆರೆಗಳ ನಡುವೆ ಇರುವವರೆಗೆ ಅದು ಸಾಧು ಪ್ರಾಣಿ. ಮೇಲಿನ ಗೆರೆ ದಾಟಿ ತುಂಬಿಸಿದರೆ ಒಳಗೆ ಲೋಹರೂಪದ ಲಿಥಿಯಂ ಕೂಡಿಕೊಳ್ಳುತ್ತದೆ, ಸೆಲ್ ಬಿಸಿಯಾಗುತ್ತದೆ, ಅನಿಲ ಹುಟ್ಟುತ್ತದೆ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಕೆಳಗಿನ ಗೆರೆಯ ಕಥೆ.

ಸೆಲ್ ತುಂಬಾ ಕೆಳಗಿಳಿದು 1 ವೋಲ್ಟ್ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಹೋದಾಗ ಒಳಗಿರುವ ತಾಮ್ರದ ಹಾಳೆ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ತನ್ನ ಜಾಗಕ್ಕೆ ಮರಳುವುದಿಲ್ಲ. ಎಲ್ಲೆಂದರಲ್ಲಿ ಮುಳ್ಳುಗಳಂತೆ ಕೂತುಕೊಳ್ಳುತ್ತದೆ. ಪ್ಲಸ್ ಮೈನಸ್ ಎರಡನ್ನೂ ಬೇರೆಯಾಗಿಟ್ಟಿರುವ ತೆಳ್ಳನೆಯ ಪ್ಲಾಸ್ಟಿಕ್ ಪೊರೆಯನ್ನು ಆ ಮುಳ್ಳು ಚುಚ್ಚಿದರೆ ಒಳಗೊಳಗೇ ಶಾರ್ಟ್ ಸರ್ಕ್ಯೂಟ್. ಇದು ಚಾರ್ಜ್ ಮಾಡಿದ ಕೂಡಲೇ ಆಗಬೇಕೆಂದಿಲ್ಲ. ಹತ್ತನೇ ಸಲವೋ ನಲವತ್ತನೇ ಸಲವೋ, ರಾತ್ರಿ ದಿಂಬಿನ ಪಕ್ಕದಲ್ಲಿ ಇಟ್ಟಾಗಲೋ ಆಗಬಹುದು. ವಿಡಿಯೋ ಮಾಡಿದವರ ಕ್ಯಾಮೆರಾ ಅಷ್ಟು ಹೊತ್ತಿಗೆ ಆಫ್ ಆಗಿರುತ್ತದೆ.

ಕಸದಲ್ಲಿ ಸಿಕ್ಕ ಸೆಲ್‌ಗಳಿಗೆ ಇರುವ ಅಪಾಯ ಇದೇ. ವೇಪ್ ತಿಂಗಳುಗಟ್ಟಲೆ ಚರಂಡಿ ಬದಿ ಬಿದ್ದಿದ್ದಿರಬಹುದು. ಲ್ಯಾಪ್‌ಟಾಪ್ ಅಟ್ಟದ ಮೇಲೆ ಐದು ವರ್ಷ ಕೂತಿದ್ದಿರಬಹುದು. ಅಷ್ಟು ದಿನ ಸೆಲ್ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದರೆ ಒಳ್ಳೆಯ ಸೆಲ್ಲಿಗೂ ಕೆಟ್ಟದ್ದಕ್ಕೂ ಏನೂ ವ್ಯತ್ಯಾಸ ಕಾಣದು.

ಇನ್ನು ಆ ಪುಟ್ಟ ಬೋರ್ಡ್. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟಿಪಿ4056 ಎಂಬ ಚಿಪ್ ಇರುವ ಬೋರ್ಡ್. ಒಳ್ಳೆಯ ಚಿಪ್ಪೇ, ದೂರಲು ಕಾರಣವಿಲ್ಲ. ಆದರೆ ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಅದು 1 ಆಂಪಿಯರ್ ಕರೆಂಟ್ ನೂಕುತ್ತದೆ. ಲ್ಯಾಪ್‌ಟಾಪಿನ 2,200 ಎಂಎಎಚ್ ಸೆಲ್ಲಿಗೆ ಅದು ಸರಿಯಾದ ಊಟ. 500 ಎಂಎಎಚ್‌ನ ವೇಪ್ ಸೆಲ್ಲಿಗೆ, ಇಲ್ಲವೇ ಇಯರ್‌ಬಡ್ ಡಬ್ಬಿಯ ಅದಕ್ಕಿಂತ ಚಿಕ್ಕ ಸೆಲ್ಲಿಗೆ, ಅದು ಬಾಯಿಗೆ ತುರುಕಿದಂತೆ. ತನ್ನ ಸಾಮರ್ಥ್ಯದ ಅರ್ಧದಷ್ಟು ಕರೆಂಟಿನಲ್ಲಿ ಚಾರ್ಜ್ ಮಾಡುವುದು ಸಾಮಾನ್ಯ ರೂಢಿ. ಅಂದರೆ 500 ಎಂಎಎಚ್‌ಗೆ ಕಾಲು ಆಂಪಿಯರ್. ಬೋರ್ಡಿನ ಮೇಲಿನ ಒಂದು ಸಣ್ಣ ರೆಸಿಸ್ಟರ್ ಬದಲಿಸಿದರೆ ಈ ಕರೆಂಟ್ ಇಳಿಯುತ್ತದೆ: 1.2 ಕಿಲೋ ಓಮ್ ತೆಗೆದು 5 ಕಿಲೋ ಓಮ್ ಹಾಕಿದರೆ ಸುಮಾರು ಕಾಲು ಆಂಪಿಯರ್. ಯಾವ ಫಾರ್ವರ್ಡ್ ವಿಡಿಯೋದಲ್ಲೂ ನಾವು ಇದನ್ನು ನೋಡಲಿಲ್ಲ. ಇದೇ ಬೋರ್ಡಿನಲ್ಲಿ ಎರಡು ಮಾದರಿಗಳಿವೆ. ಸೆಲ್ಲಿಗೆ ಎರಡು ಬಿಂದು, ಔಟ್‌ಪುಟ್ಟಿಗೆ ಬೇರೆಯೇ ಎರಡು ಬಿಂದು ಇರುವುದರಲ್ಲಿ ಸೆಲ್ ತೀರಾ ಖಾಲಿಯಾಗದಂತೆ, ಶಾರ್ಟ್ ಆಗದಂತೆ ಕಾಯುವ ಚಿಪ್ ಇರುತ್ತದೆ. ಕೇವಲ ಎರಡು ಬಿಂದುಗಳಿರುವ ಇನ್ನೂ ಅಗ್ಗದ ಮಾದರಿಯಲ್ಲಿ ಅದಿಲ್ಲ. ನೋಡಲು ಎರಡೂ ಅವಳಿ-ಜವಳಿ.

ಮೂರನೆಯದು, ಬಿಡಿ ಸೆಲ್‌ಗಳನ್ನು ಹಾಗೆಯೇ ಒಟ್ಟಿಗೆ ಕಟ್ಟುವುದು. ಒಂದು 4.1 ವೋಲ್ಟ್, ಇನ್ನೊಂದು 3.2 ವೋಲ್ಟ್ ಇರುವಾಗ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ ತುಂಬಿದ್ದು ಖಾಲಿಯದಕ್ಕೆ ಕಟ್ಟೆಯೊಡೆದ ಕೆರೆಯಂತೆ ನುಗ್ಗುತ್ತದೆ. ವೇಪ್ ಸೆಲ್‌ಗಳು ಭಾರಿ ಕರೆಂಟ್ ಕೊಡಲೆಂದೇ ಮಾಡಿದವು, ಹಾಗಾಗಿ ಅಲ್ಲಿ ಇದು ಇನ್ನೂ ಜೋರು. ಜೊತೆಗೆ ಸಾಮಾನ್ಯ ಸೋಲ್ಡರಿಂಗ್ ಕಡ್ಡಿಯನ್ನು ಸೆಲ್ಲಿನ ತಲೆಗೆ ಹಿಡಿದು ತಂತಿ ಅಂಟಿಸುವುದು ಬೇರೆ. ಒಳಗಿನ ಪ್ಲಾಸ್ಟಿಕ್ ಪೊರೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೋಲ್ಡರಿಂಗ್ ಕಡ್ಡಿಯ ತುದಿ 300 ಡಿಗ್ರಿ ದಾಟಿರುತ್ತದೆ. ಕಾರ್ಖಾನೆಯಲ್ಲಿ ನಿಕ್ಕಲ್ ಪಟ್ಟಿಯನ್ನು ಕ್ಷಣದ ಒಂದಂಶದಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡುವುದು ಅದಕ್ಕೇ.

ಒಂದು ಸೆಲ್ ಕೆಟ್ಟು ಬಿಸಿಯಾದರೆ ಏನಾಗುತ್ತದೆ? ಒಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಆ ಬಿಸಿ ಕ್ರಿಯೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಒಂದು ಹಂತ ದಾಟಿದರೆ ಹೊರಗಿನಿಂದ ತಡೆಯುವುದು ಕಷ್ಟ. ಒಳಗಿರುವ ದ್ರವ ಪೆಟ್ರೋಲಿನಂತೆ ಉರಿಯುವಂಥದ್ದು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲವೂ ಇರುತ್ತದೆ. ಪಕ್ಕದಲ್ಲಿ ಇನ್ನೂ ನಾಲ್ಕು ಸೆಲ್ ಇದ್ದರೆ ಬೆಂಕಿ ಅವಕ್ಕೂ ಹಬ್ಬುತ್ತದೆ.

ಇಷ್ಟೆಲ್ಲ ಮಾಡಿದರೆ ಸಿಗುವುದೆಷ್ಟು?

ಲೆಕ್ಕ ಹಾಕೋಣ. 500 ಎಂಎಎಚ್‌ನ ಒಂದು ವೇಪ್ ಸೆಲ್‌ನಲ್ಲಿ ಇರುವ ಶಕ್ತಿ ಅರ್ಧ ಆಂಪಿಯರ್-ಗಂಟೆಯನ್ನು 3.7 ವೋಲ್ಟ್‌ನಿಂದ ಗುಣಿಸಿದಷ್ಟು, ಅಂದರೆ 1.85 ವ್ಯಾಟ್-ಗಂಟೆ. ಅಂಗಡಿಯ 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 37 ವ್ಯಾಟ್-ಗಂಟೆ. ಅದಕ್ಕೆ ಸಮನಾಗಲು ಇಂಥ 20 ಸೆಲ್ ಬೇಕು. ಈಗಿನ 5,000 ಎಂಎಎಚ್ ಫೋನಿಗೆ ಒಂದು ವೇಪ್ ಸೆಲ್ ಸಿಕ್ಕಿಸಿದರೆ, ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದು ಶೇ 8ರಷ್ಟು ಚಾರ್ಜ್ ಏರಿದರೆ ಹೆಚ್ಚು. ವಿಡಿಯೋದಲ್ಲಿ ಚಾರ್ಜಿಂಗ್ ಗುರುತು ಬಂದೊಡನೆ ಕಟ್ ಆಗುವುದರ ಗುಟ್ಟು ಇದು. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಯೂನಿಟ್ ಆಗಲು ಇಂಥ ಸುಮಾರು 540 ಸೆಲ್ ತುಂಬಬೇಕು.

ಲ್ಯಾಪ್‌ಟಾಪ್ ಸೆಲ್ ಇದಕ್ಕಿಂತ ವಾಸಿ: ಹೊಸದರಲ್ಲಿ ಒಂದಕ್ಕೆ ಸುಮಾರು 8 ವ್ಯಾಟ್-ಗಂಟೆ. ನಾಲ್ಕು ಒಳ್ಳೆಯವು ಸಿಕ್ಕಿದರೆ ಒಂದು ಎಲ್‌ಇಡಿ ದೀಪಕ್ಕೆ ಧಾರಾಳ. ಅಂದ ಹಾಗೆ, ಆನ್‌ಲೈನಿನಲ್ಲಿ ‘9,900 ಎಂಎಎಚ್’ ಎಂದು ಬರೆದ 18650 ಸೆಲ್ ಕಂಡರೆ ಅದು ನೂರಕ್ಕೆ ನೂರು ಸುಳ್ಳು. ಆ ಗಾತ್ರದಲ್ಲಿ ಹೆಸರಾಂತ ತಯಾರಕರ ಒಳ್ಳೆಯ ಸೆಲ್‌ಗಳೂ 3,500 ಎಂಎಎಚ್ ಆಸುಪಾಸಿನವೇ.

ಎಲ್ಲ ‘ಲಿಥಿಯಂ’ ಒಂದೇ ಅಲ್ಲ

ಫಾರ್ವರ್ಡ್‌ಗಳಲ್ಲಿ ನಾವು ಕಂಡ ಅತಿ ಅಪಾಯದ ಗೊಂದಲ ಇದು. ಕಾರಿನ ಕೀ, ತೂಕದ ಯಂತ್ರ, ಕಂಪ್ಯೂಟರ್ ಮದರ್‌ಬೋರ್ಡಿನಲ್ಲಿರುವ ಬಿಲ್ಲೆಯಾಕಾರದ ಸಿಆರ್2032 ಸೆಲ್ ಮೇಲೂ ಲಿಥಿಯಂ ಎಂದೇ ಬರೆದಿರುತ್ತದೆ. ಅದು 3 ವೋಲ್ಟಿನ ಲಿಥಿಯಂ ಲೋಹದ ಸೆಲ್, ಚಾರ್ಜ್ ಮಾಡುವಂಥದ್ದಲ್ಲ. ಚಾರ್ಜ್ ಮಾಡಲು ಹೋದರೆ ಸಿಡಿಯಬಹುದು. ಚಿಕ್ಕ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವುದೂ ಇದೇ ಬಿಲ್ಲೆ. ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಗಾರ್ಡನ್ ಸೋಲಾರ್ ದೀಪಗಳಲ್ಲಿ, ಕೆಲವು ಟಾರ್ಚ್‌ಗಳಲ್ಲಿ ಸಿಗುವುದು ಲಿಥಿಯಂ ಐರನ್ ಫಾಸ್ಫೇಟ್. ನೋಡಲು ಥೇಟ್ ಲ್ಯಾಪ್‌ಟಾಪ್ ಸೆಲ್. ಆದರೆ ಅದರ ಮೇಲೆ 3.2 ವೋಲ್ಟ್ ಎಂದಿರುತ್ತದೆ, ತುಂಬುವುದು 3.65 ವೋಲ್ಟಿಗೆ. ಅದನ್ನು 4.2 ವೋಲ್ಟಿನ ಬೋರ್ಡಿಗೆ ಹಾಕಬಾರದು. ಹಳೆಯ ಸೊಳ್ಳೆ ಬ್ಯಾಟ್, ಎಮರ್ಜೆನ್ಸಿ ಲೈಟ್ ಬಿಚ್ಚಿದರೆ ಬಹಳ ಸಲ ಸಿಗುವುದು ಲಿಥಿಯಂ ಅಲ್ಲವೇ ಅಲ್ಲ, 4 ವೋಲ್ಟಿನ ಸೀಸ-ಆಮ್ಲದ ಪೆಟ್ಟಿಗೆ. ವೋಲ್ಟ್ ಹತ್ತಿರ ಹತ್ತಿರ ಇದೆ ಎಂದು ಒಂದರ ಜಾಗಕ್ಕೆ ಇನ್ನೊಂದನ್ನು ಸೇರಿಸುವವರಿದ್ದಾರೆ. ಬೇಡ.

ನೋಕಿಯಾ ಕಾಲದ ಬಿಎಲ್-5ಸಿ ಬ್ಯಾಟರಿ ನೆನಪಿದೆಯೇ? ಇಂದಿಗೂ ಸಂತೆಯಲ್ಲಿ ಮಾರುವ ಎಫ್‌ಎಂ ಸ್ಪೀಕರ್‌ಗಳಲ್ಲಿ ಅದೇ ಮಾದರಿ ಕೂತಿರುತ್ತದೆ. ಬಿಚ್ಚಿ ಬೇರೆಡೆ ಹಾಕಲು ಅದು ಎಷ್ಟೋ ವಾಸಿ. ಕೈಯಲ್ಲಿ ತೆಗೆಯಲೆಂದೇ ಗಟ್ಟಿ ಹೊದಿಕೆ, ಒಳಗೇ ಒಂದು ಕಾವಲು ಸರ್ಕ್ಯೂಟ್. ಆದರೂ 2007ರಲ್ಲಿ ನೋಕಿಯಾ ಕಂಪನಿ ಒಬ್ಬ ಪೂರೈಕೆದಾರ ಮಾಡಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳನ್ನು ಚಾರ್ಜ್ ಮಾಡುವಾಗ ಬಿಸಿಯಾಗಬಹುದೆಂದು ಬದಲಿಸಿಕೊಡಲು ಮುಂದಾಗಿತ್ತು. ಆಗ ನಮ್ಮಲ್ಲಿ ಎಲ್ಲರೂ ಫೋನ್ ಬಿಚ್ಚಿ ಬ್ಯಾಟರಿ ನಂಬರ್ ನೋಡಿದವರೇ.

ಗೊತ್ತಿದ್ದವರು ಹೇಗೆ ಮಾಡುತ್ತಾರೆ?

ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗರು, ರಿಪೇರಿ ಅಂಗಡಿಯವರು ಈ ಪುಟ ಓದುತ್ತಿರಬಹುದು. ‘ಮಾಡಲೇಬೇಡಿ’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವರು ಮಾಡುತ್ತಾರೆ. ಹಾಗಾಗಿ ಅನುಭವಿಗಳ ಕ್ರಮ ಹೇಳುತ್ತೇವೆ.

ಮೊದಲು ಉರುಟಾದ, ಗಟ್ಟಿ ಲೋಹದ ಕವಚದ ಸೆಲ್‌ಗಳನ್ನು ಮಾತ್ರ ಮುಟ್ಟುತ್ತಾರೆ. ಬೆಳ್ಳಿ ಹಾಳೆಯಲ್ಲಿ ಸುತ್ತಿದಂಥ ಮೆತ್ತನೆಯ ಚಪ್ಪಟೆ ಸೆಲ್ ಬಿಚ್ಚುವಾಗಲೇ ಚುಚ್ಚಿಹೋಗಬಹುದು, ಅದನ್ನು ಬಿಟ್ಟುಬಿಡುತ್ತಾರೆ. ತಗ್ಗು, ತುಕ್ಕು, ಸಿಹಿಯಾದ ಥಿನ್ನರ್‌ನಂಥ ವಾಸನೆ ಇದ್ದರೆ ನೇರ ತಿರಸ್ಕಾರ. ಆಮೇಲೆ ಮಲ್ಟಿಮೀಟರ್. 3 ವೋಲ್ಟ್‌ಗಿಂತ ಮೇಲಿದ್ದರೆ ಮುಂದಿನ ಪರೀಕ್ಷೆಗೆ. 2 ವೋಲ್ಟ್‌ಗಿಂತ ಕೆಳಗಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಬೇಡ. ನಡುವಿನವನ್ನು ಕೆಲವರು ಪ್ರಯತ್ನಿಸುತ್ತಾರೆ. ನಾವಾದರೆ 2.5ರ ಕೆಳಗಿನದನ್ನು ಬಿಡುತ್ತೇವೆ, ಒಂದು ಸೆಲ್ಲಿನ ಬೆಲೆ ಅಷ್ಟು ದೊಡ್ಡದೇನಲ್ಲ.

ಉಳಿದದ್ದನ್ನು ಒಂದೊಂದಾಗಿ, ಕಡಿಮೆ ಕರೆಂಟಿನಲ್ಲಿ, ಎದುರಿಗೆ ಕೂತು ಚಾರ್ಜ್ ಮಾಡುತ್ತಾರೆ. ಕೆಳಗೆ ಹೆಂಚೋ ಟೈಲ್ಸೋ, ಪಕ್ಕದಲ್ಲಿ ಕಾಗದ ಬಟ್ಟೆ ಇರದಂತೆ. ಕೈಗೆ ಸ್ಪಷ್ಟವಾಗಿ ಬಿಸಿ ತಾಕಿದರೆ ಅಲ್ಲಿಗೇ ಮುಗಿಯಿತು. ಪೂರ್ತಿ ತುಂಬಿದ ಮೇಲೆ ಎರಡು ಮೂರು ವಾರ ಸುಮ್ಮನೆ ಇಟ್ಟು ಮತ್ತೆ ಅಳೆಯುತ್ತಾರೆ. ಇದು ಬೇಸರ ಬರಿಸುವ ಹಂತ, ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ಆ ತಾಮ್ರದ ಮುಳ್ಳು ಒಳಗೆ ಶುರುವಾಗಿದ್ದರೆ ಅದರ ಸುಳಿವು ಸಿಗುವುದು ಇಲ್ಲಿಯೇ: 4.2 ಇದ್ದದ್ದು 4 ವೋಲ್ಟ್‌ಗಿಂತ ಕೆಳಗಿಳಿದರೆ ಒಳಸೋರಿಕೆ ಇದೆ ಎಂದರ್ಥ. ಕೊನೆಗೆ ಸಾಮರ್ಥ್ಯ ಅಳೆಯುವ ಚಾರ್ಜರಿನಲ್ಲಿ ಹಾಕಿ ಎಂಎಎಚ್ ನೋಡಿ ಸೆಲ್ಲಿನ ಮೇಲೆ ಬರೆದಿಡುತ್ತಾರೆ. ಹೀಗೆ ಪಾಸಾದ ಸೆಲ್ ಅನ್ನು ಒಂದೊಂದಾಗಿ, ಕಾವಲು ಬೋರ್ಡ್ ಸಮೇತ, ಟಾರ್ಚಿಗೋ ದೀಪಕ್ಕೋ ಬಳಸುವುದರಲ್ಲಿ ತಪ್ಪಿಲ್ಲ. ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಚಾರ್ಜ್ ಆಗುವ ಪವರ್ ಬ್ಯಾಂಕ್, ಸ್ಕೂಟರ್ ಬ್ಯಾಟರಿ, ಶಾಲೆಯ ಪ್ರಾಜೆಕ್ಟ್ ಇವಕ್ಕೆ ಮಾತ್ರ ಬೇಡ. ಶಾಲೆಗೆ ಮೂರು ಪೆನ್ಸಿಲ್ ಸೆಲ್ ಸಾಕು.

ಮನೆಯಲ್ಲಿ ಮಾಡಿದ ಪವರ್ ಬ್ಯಾಂಕನ್ನು ವಿಮಾನದಲ್ಲಿ ಒಯ್ಯುವ ಆಸೆಯೂ ಬೇಡ. ಎಷ್ಟು ವ್ಯಾಟ್-ಗಂಟೆ ಎಂಬ ಮುದ್ರೆಯಿಲ್ಲದ ತಂತಿಯ ಗಂಟನ್ನು ತಪಾಸಣೆಯವರು ಏನೆಂದು ತಿಳಿಯಬೇಕು?

ಜೊತೆಗೆ ಬರುವ ಇನ್ನೂ ಕೆಲವು ಫಾರ್ವರ್ಡ್‌ಗಳು

‘ಊದಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ.’ ಖಂಡಿತ ಇಲ್ಲ. ಒಳಗಿರುವುದು ಗಾಳಿಯಲ್ಲ, ಉರಿಯುವ ಅನಿಲ. ಸೂಜಿ ಒಂದೇ ಏಟಿಗೆ ಪೊರೆ ದಾಟಿ ಎರಡೂ ಬದಿಯನ್ನು ಸೇರಿಸುತ್ತದೆ. ಊದಿದ ಬ್ಯಾಟರಿಯ ಫೋನ್ ಅನ್ನು ಚಾರ್ಜಿಗೆ ಹಾಕದೆ, ಒತ್ತದೆ, ರಿಪೇರಿಯವರ ಹತ್ತಿರ ಒಯ್ಯಿರಿ.

‘ಸತ್ತ ಬ್ಯಾಟರಿಯನ್ನು ಫ್ರೀಜರಿನಲ್ಲಿಟ್ಟರೆ ಜೀವ ಬರುತ್ತದೆ.’ ಬರುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಿರುವ ಸೆಲ್ ಅನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕೂಡಿಕೊಂಡು ಇನ್ನಷ್ಟು ಹಾಳಾಗುತ್ತದೆ.

‘ಲಿಥಿಯಂ ಬೆಂಕಿಗೆ ನೀರು ಹಾಕಿದರೆ ಸ್ಫೋಟ.’ ಇದು ಶಾಲೆಯಲ್ಲಿ ಓದಿದ ಲಿಥಿಯಂ ಲೋಹದ ಪಾಠವನ್ನು ಬ್ಯಾಟರಿಗೆ ಹಚ್ಚಿದ್ದು. ಫೋನ್, ಪವರ್ ಬ್ಯಾಂಕ್‌ಗಳ ಲಿಥಿಯಂ-ಅಯಾನ್ ಸೆಲ್‌ನಲ್ಲಿ ಲೋಹರೂಪದ ಲಿಥಿಯಂ ಇಲ್ಲವೆನ್ನುವಷ್ಟು ಕಡಿಮೆ. ವಿಮಾನದಲ್ಲಿ ಫೋನಿಗೆ ಬೆಂಕಿ ಬಿದ್ದರೆ ನೀರೋ ಮದ್ಯವಲ್ಲದ ಬೇರೆ ಪಾನೀಯವೋ ಸುರಿದು ತಣಿಸಿ ಎಂದೇ ಅಮೆರಿಕದ ವಿಮಾನಯಾನ ಆಡಳಿತ ಸಿಬ್ಬಂದಿಗೆ ಹೇಳುತ್ತದೆ. ಮನೆಯಲ್ಲಾದರೆ ಮೊದಲು ಪ್ಲಗ್ ಸ್ವಿಚ್ ಆಫ್ ಮಾಡಿ, ಜನರನ್ನು ಹೊರಗೆ ಕಳಿಸಿ, ಹೊಗೆ ಕುಡಿಯದಂತೆ ದೂರದಿಂದ ಧಾರಾಳ ನೀರು ಸುರಿಯಿರಿ. ಒಂದು ಲೋಟ ಸಾಲದು. ಆರಿದಂತೆ ಕಂಡರೂ ಮತ್ತೆ ಹೊತ್ತಬಹುದು. ಕೈಮೀರಿದರೆ 101 ಅಥವಾ 112ಕ್ಕೆ ಕರೆ ಮಾಡಿ.

‘ಎಸೆಯುವ ಮುಂಚೆ ಉಪ್ಪುನೀರಲ್ಲಿ ನೆನೆಸಿ.’ ಉಪ್ಪುನೀರು ಸೆಲ್ಲಿನ ತುದಿಗಳನ್ನು ತಿಂದುಹಾಕುತ್ತದೆ. ಒಳಗೆ ಚಾರ್ಜ್ ಉಳಿದೇ ಇರಬಹುದು, ಖಾಲಿಯಾಯಿತೆಂಬ ಸುಳ್ಳು ಧೈರ್ಯ ಮಾತ್ರ ನಮಗೆ. ಆ ನೀರನ್ನು ಎಲ್ಲಿ ಚೆಲ್ಲುವುದು ಎಂಬ ಪ್ರಶ್ನೆ ಬೇರೆ.

ಹಾಗಾದರೆ ಹಳೆಯದನ್ನು ಏನು ಮಾಡಬೇಕು?

ಹಸಿ ಕಸ, ಒಣ ಕಸ ಎರಡಕ್ಕೂ ಹಾಕಬೇಡಿ. ಲಾರಿಯಲ್ಲಿ ಅದುಮಿದಾಗ ಸಿಡಿಯುವುದು ಬ್ರಿಟನ್ನಿನ ಬ್ಯಾಟರಿ ಮಾತ್ರವಲ್ಲ. ಒಣ ಕಸವನ್ನು ಕೈಯಲ್ಲಿ ಬಿಡಿಸುವ ನಮ್ಮ ಪೌರಕಾರ್ಮಿಕರಿಗೆ, ಗುಜರಿಯಲ್ಲಿ ಸುತ್ತಿಗೆಯಿಂದ ಒಡೆಯುವವರಿಗೆ ಆ ಅಪಾಯ ಇನ್ನೂ ಹತ್ತಿರದ್ದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮಾರಿದ ಬ್ಯಾಟರಿಯನ್ನು ಹಿಂದಕ್ಕೆ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದ್ದು. ಬ್ಯಾಟರಿಯ ಮೇಲೆ ಕಾಣುವ, ಅಡ್ಡಗೆರೆ ಎಳೆದ ಕಸದಬುಟ್ಟಿಯ ಚಿತ್ರದ ಅರ್ಥ ಅದೇ: ಇದು ಸಾಮಾನ್ಯ ಕಸವಲ್ಲ. ಫೋನ್, ಲ್ಯಾಪ್‌ಟಾಪ್ ಕಂಪನಿಗಳ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಅಪಾರ್ಟ್‌ಮೆಂಟ್‌ಗಳಲ್ಲಾದರೆ ಎಲ್ಲರದ್ದೂ ಕೂಡಿಸಿ ಒಮ್ಮೆಗೇ ಕರೆಸುವುದು ಸುಲಭ.

ಕೊಡುವವರೆಗೆ ಸೆಲ್ಲಿನ ಎರಡೂ ತುದಿಗೆ ಪ್ಲಾಸ್ಟಿಕ್ ಟೇಪ್ ಅಂಟಿಸಿ, ಒಂದಕ್ಕೊಂದು ತಾಗದಂತೆ ತಂಪು ಜಾಗದಲ್ಲಿ ಇಡಿ. ಚಿಲ್ಲರೆ, ಬೀಗದ ಕೈ ಇರುವ ಡಬ್ಬಿಯಲ್ಲಾಗಲೀ ಜೇಬಿನಲ್ಲಾಗಲೀ ಬಿಡಿ ಸೆಲ್ ಹಾಕಬೇಡಿ. ಊದಿದ್ದು, ಪೆಟ್ಟು ಬಿದ್ದದ್ದು ಇದ್ದರೆ ಅದನ್ನು ಒಂದು ಹಳೆ ಮಣ್ಣಿನ ಕುಂಡದಲ್ಲಿ ಒಣ ಮರಳಿನ ನಡುವೆ ಇಟ್ಟು ಮನೆಯ ಹೊರಗೆ, ಬಿಸಿಲು ಮಳೆ ತಾಗದ ಕಡೆ ಇರಿಸಿ. ಕೊಡುವಾಗ ‘ಇದು ಊದಿದೆ’ ಎಂದು ಬಾಯಿಬಿಟ್ಟು ಹೇಳಿ ಕೊಡಿ.